ಕಂಪ್ರೆಸರ್ ಹೋಗಿದೆ ಎಂದರೆ ಹೋದದ್ದು ಯಾವುದು?

ಹಿರಿಯೂರಿನಲ್ಲಿ ದೊಡ್ಡ ಹೆದ್ದಾರಿ ಬಿಟ್ಟು ಚಳ್ಳಕೆರೆಯ ದಾರಿ ಹಿಡಿದು ಅರ್ಧ ಗಂಟೆಯಾಗಿತ್ತು. ಮೇ ತಿಂಗಳ ಮಧ್ಯಾಹ್ನ. ಕಾರಿನ ಎಸಿ ಕಿಂಡಿಯಿಂದ ಬರುತ್ತಿದ್ದ ತಂಪು ಗಾಳಿ ಮೊದಲು ಬೆಚ್ಚಗಾಯಿತು, ಆಮೇಲೆ ಒಲೆಯ ಮುಂದೆ ಕೂತಂತಾಯಿತು. ಹಿಂದಿನ ಸೀಟಿನಲ್ಲಿದ್ದ ಅತ್ತೆಯವರು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಾ, "ಕಿಟಕಿ ಇಳಿಸಪ್ಪ, ಇದಕ್ಕಿಂತ ಬಸ್ಸೇ ವಾಸಿ" ಎಂದರು. ಕಿಟಕಿ ಇಳಿಸಿದರೆ ಒಳಗೆ ನುಗ್ಗಿದ್ದು ಬರೀ ಝಳ.

ಬಳ್ಳಾರಿಯಲ್ಲಿ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತಿಸಿ, ಎಸಿ ಗುಂಡಿ ಒತ್ತಿಸಿ, ಅರ್ಧ ನಿಮಿಷ ಕಿವಿಗೊಟ್ಟು ತೀರ್ಪು ಕೊಟ್ಟರು: "ಕಂಪ್ರೆಸರ್ ಹೋಗಿದೆ ಸರ್." ಬೆಂಗಳೂರಿಗೆ ಮರಳಿದ ಮೇಲೆ ಸರ್ವಿಸ್ ಸೆಂಟರಿನವರೂ ಅದನ್ನೇ ಹೇಳಿ 31,400 ರೂಪಾಯಿಯ ಅಂದಾಜುಪಟ್ಟಿ ಕೈಗಿತ್ತರು. ನನ್ನದು ಹನ್ನೊಂದು ವರ್ಷದ ಹಳೆಯ ಸಣ್ಣ ಕಾರು. ಮಾರಲು ಹೊರಟರೆ ಎರಡು ಲಕ್ಷ ಹುಟ್ಟುವುದೂ ಕಷ್ಟ. ಕೊನೆಗೆ ಆ ರಿಪೇರಿ 700 ರೂಪಾಯಿಯಲ್ಲಿ ಮುಗಿಯಿತು. ಇದನ್ನು ಕೇಳಿ ಯಾರೂ ಹಿಗ್ಗಬೇಕಾಗಿಲ್ಲ. ಅದೇ ಬೇಸಿಗೆಯಲ್ಲಿ ನಮ್ಮ ಪಕ್ಕದ ಮನೆಯವರು ಅಗ್ಗದ ದಾರಿ ಹಿಡಿಯಲು ಹೋಗಿ ಎರಡು ಕಂಪ್ರೆಸರಿನ ದುಡ್ಡು ತೆತ್ತರು. ಗ್ಯಾರೇಜಿನಲ್ಲಿ ಎರಡೂ ಕಾರುಗಳ ರೋಗಕ್ಕೆ ಇಟ್ಟ ಹೆಸರು ಮಾತ್ರ ಒಂದೇ.

"ಕಂಪ್ರೆಸರ್ ಹೋಗಿದೆ" ಎನ್ನುವುದು "ಹೊಟ್ಟೆನೋವು" ಎಂದಂತೆ. ಅಜೀರ್ಣವೂ ಹೊಟ್ಟೆನೋವೇ, ಅಪೆಂಡಿಕ್ಸೂ ಹೊಟ್ಟೆನೋವೇ. ಒಂದಕ್ಕೆ ಜೀರಿಗೆ ಕಷಾಯ ಸಾಕು, ಇನ್ನೊಂದಕ್ಕೆ ಆಪರೇಷನ್ನೇ ಆಗಬೇಕು. ಆದ್ದರಿಂದ ಕಂಪ್ರೆಸರಿಗೆ ಎಷ್ಟಾಗುತ್ತದೆ ಎಂದು ಕೇಳುವ ಮೊದಲು, ಅದರೊಳಗೆ ಏನು ಹೋಗಿದೆ ಎಂದು ಕೇಳಬೇಕು. ದುಡ್ಡು ಉಳಿಯುವುದೂ ಪೋಲಾಗುವುದೂ ಬಹುಮಟ್ಟಿಗೆ ಈ ಒಂದು ಪ್ರಶ್ನೆಯಲ್ಲೇ.

ಮೊದಲು ಯಂತ್ರದ ಕಥೆ. ಕಾರಿನ ಎಸಿ ಮಾಡುವುದು ಹಮಾಲಿ ಕೆಲಸ: ಒಳಗಿನ ಶಾಖವನ್ನು ಹೊತ್ತು ಹೊರಗೆ ಚೆಲ್ಲುವುದು. ಹೊರುವ ಬುಟ್ಟಿ ಎಂದರೆ ನಮ್ಮ ರಸ್ತೆಗಳ ಹೆಚ್ಚಿನ ಕಾರುಗಳಲ್ಲಿರುವ ಆರ್-134ಎ ಎಂಬ ಅನಿಲ. ಸಾಮಾನ್ಯ ವಾಯುಭಾರದಲ್ಲಿ ಇದು ಮೈನಸ್ 26 ಡಿಗ್ರಿಯಲ್ಲೇ ಕುದಿದು ಆವಿಯಾಗುತ್ತದೆ. ದ್ರವ ಆವಿಯಾಗಬೇಕಾದರೆ ಸುತ್ತಲಿನ ಶಾಖವನ್ನು ಹೀರಲೇಬೇಕು. ಅಂಗೈಗೆ ಸ್ಯಾನಿಟೈಸರ್ ಹಚ್ಚಿಕೊಂಡಾಗ ಚಳುಕೆನ್ನುವುದೂ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಲೆಕ್ಕದಲ್ಲಿ. ಡ್ಯಾಶ್‌ಬೋರ್ಡಿನ ಹಿಂದೆ ಅಡಗಿರುವ ಕೂಲಿಂಗ್ ಕಾಯಿಲ್‌ನೊಳಕ್ಕೆ ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸೂಜಿಗಣ್ಣಿನಂಥ ರಂಧ್ರದಿಂದ ಈ ದ್ರವ ಚಿಮ್ಮುತ್ತದೆ, ಕುದಿಯುತ್ತದೆ, ಕಾಯಿಲ್ ಮೇಲೆ ಹಾಯುವ ಗಾಳಿಯ ಶಾಖವನ್ನು ಎಳೆದುಕೊಳ್ಳುತ್ತದೆ.

ಹೀಗೆ ಹೀರಿದ ಶಾಖವನ್ನು ಹೊರಗೆ ಚೆಲ್ಲುವುದು ಹೇಗೆ? ಶಾಖ ಯಾವಾಗಲೂ ಬಿಸಿಯಾದ ಕಡೆಯಿಂದ ತಣ್ಣಗಿರುವ ಕಡೆಗೇ ಹರಿಯುತ್ತದೆ. ರಾಯಚೂರಿನ 43 ಡಿಗ್ರಿಯ ಗಾಳಿಗೆ ಶಾಖ ಬಿಟ್ಟುಕೊಡಬೇಕಾದರೆ ಅನಿಲ ಅದಕ್ಕಿಂತಲೂ ಬಿಸಿಯಾಗಿರಬೇಕು. ಕಂಪ್ರೆಸರ್ ಇರುವುದು ಅದಕ್ಕಾಗಿ. ಸೈಕಲ್ ಪಂಪ್ ಹೊಡೆದಾಗ ಅದರ ತುದಿ ಕೈ ಸುಡುತ್ತದಲ್ಲ, ಹಾಗೆ ಒತ್ತಿದ ಅನಿಲ ಬಿಸಿಯೇರುತ್ತದೆ. ರೇಡಿಯೇಟರಿನ ಮುಂದಿರುವ ಕಂಡೆನ್ಸರಿಗೆ ಹೋಗಿ ಹೊರಗಿನ ಗಾಳಿಗೆ ಶಾಖ ಒಪ್ಪಿಸಿ, ಮತ್ತೆ ದ್ರವವಾಗಿ, ಡ್ರೈಯರ್ ಎಂಬ ಡಬ್ಬಿಯಲ್ಲಿ ತೇವ ಮತ್ತು ಕಸ ಕಳೆದುಕೊಂಡು, ಪುನಃ ಒಳಗೆ ಬರುತ್ತದೆ. ತಂಪು ನಿಂತಿತೆಂದರೆ ತಪ್ಪು ಈ ವೃತ್ತದ ಯಾವ ಮೂಲೆಯಲ್ಲಾದರೂ ಇರಬಹುದು. ಕಂಪ್ರೆಸರ್ ಅದರಲ್ಲಿ ಎದ್ದು ಕಾಣುವ, ಎಲ್ಲಕ್ಕಿಂತ ದುಬಾರಿಯಾದ ಭಾಗ. ಅಪವಾದವೂ ಮೊದಲು ಅದರ ಮೇಲೆಯೇ ಬರುತ್ತದೆ.

ಈ ಕಂಪ್ರೆಸರನ್ನು ತಿರುಗಿಸುವುದು ಎಂಜಿನ್ನಿನ ಬೆಲ್ಟ್. ಎಂಜಿನ್ ಓಡುತ್ತಿರುವಷ್ಟು ಹೊತ್ತೂ ಅದರ ಪುಲ್ಲಿ ತಿರುಗುತ್ತಲೇ ಇರುತ್ತದೆ, ಎಸಿ ಹಾಕಿರಲಿ ಬಿಡಲಿ. ಪುಲ್ಲಿಯ ಮುಂದೆ ತಟ್ಟೆಯಾಕಾರದ ಒಂದು ಕ್ಲಚ್ ಪ್ಲೇಟ್, ಹಿಂದೆ ತಾಮ್ರದ ತಂತಿ ಸುತ್ತಿದ ಒಂದು ಕಾಯಿಲ್. ಎಸಿ ಗುಂಡಿ ಒತ್ತಿದಾಗ ಕಾಯಿಲ್‌ಗೆ 12 ವೋಲ್ಟ್ ಹರಿದು ಅದು ಆಯಸ್ಕಾಂತವಾಗುತ್ತದೆ, ಪ್ಲೇಟನ್ನು "ಟಕ್" ಎಂದು ಸೆಳೆದು ಪುಲ್ಲಿಗೆ ಅಂಟಿಸುತ್ತದೆ. ಆಗ ಮಾತ್ರ ಒಳಗಿನ ಪಿಸ್ಟನ್ನುಗಳು ಅಲುಗಾಡುತ್ತವೆ. 1939ರಲ್ಲಿ ಅಮೆರಿಕದ ಪ್ಯಾಕಾರ್ಡ್ ಕಂಪನಿ ಮೊದಲ ಬಾರಿಗೆ ಕಾರ್ಖಾನೆಯಲ್ಲೇ ಎಸಿ ಅಳವಡಿಸಿದ ಕಾರನ್ನು ತೋರಿಸಿದಾಗ ಈ ಕ್ಲಚ್ ಇರಲಿಲ್ಲ. ಕಂಪ್ರೆಸರ್ ನಿಲ್ಲಿಸಬೇಕೆಂದರೆ ಕಾರು ನಿಲ್ಲಿಸಿ, ಎಂಜಿನ್ ಆರಿಸಿ, ಬಾನೆಟ್ ತೆರೆದು ಬೆಲ್ಟನ್ನೇ ಬಿಚ್ಚಬೇಕಾಗಿತ್ತು. ಮಳೆಗಾಲದಲ್ಲಿ ಅವರ ಪಾಡು ಏನಾಗಿತ್ತೋ!

ನನ್ನ ಕಾರಿನ ಗುಟ್ಟು ಈ ಕ್ಲಚ್ಚಿನಲ್ಲೇ ಇತ್ತು. ಅಂದಾಜುಪಟ್ಟಿ ಮಡಚಿ ಜೇಬಿಗಿಟ್ಟುಕೊಂಡು ನಾನು ಹೋದದ್ದು ಜೆ.ಸಿ. ರಸ್ತೆಯ ಹಿಂದಿನ ಗಲ್ಲಿಯ, ಕಾರ್ ಎಸಿ ಬಿಟ್ಟು ಬೇರೇನೂ ಮುಟ್ಟದ ಒಂದು ಪುಟ್ಟ ಅಂಗಡಿಗೆ. ಅರವತ್ತು ದಾಟಿದ ಮೇಸ್ತ್ರಿ. ಅವರು ಕೇಳಿದ ಮೊದಲ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ: "ಬೆಳಿಗ್ಗೆ ತಂಪು ಬರುತ್ತದೆಯೋ?" ಬರುತ್ತಿತ್ತು. ಬೆಳಿಗ್ಗೆ ಆಫೀಸಿಗೆ ಹೋಗುವಾಗ ಸರಿಯಾಗಿರುತ್ತಿತ್ತು, ಮಧ್ಯಾಹ್ನದ ಓಡಾಟದಲ್ಲಿ ಅರ್ಧ ಗಂಟೆಗೆ ಕೈಕೊಡುತ್ತಿತ್ತು, ಒಂದು ಗಂಟೆ ನೆರಳಿನಲ್ಲಿ ನಿಲ್ಲಿಸಿದರೆ ಮತ್ತೆ ಬರುತ್ತಿತ್ತು. ಅವರು ನಕ್ಕು, ಎಂಜಿನ್ ಕಾಯುವವರೆಗೂ ಕಾರನ್ನು ಓಡಿಸಿಟ್ಟು ಎಸಿ ಹಾಕಿದರು. ಪ್ಲೇಟ್ ಕದಲಲಿಲ್ಲ. ಉದ್ದನೆಯ ಮರದ ಕೋಲಿನ ತುದಿಯಿಂದ ಪ್ಲೇಟನ್ನು ಹಗುರಾಗಿ ಪುಲ್ಲಿಯ ಕಡೆಗೆ ತಳ್ಳಿದರು. ಟಕ್! ಕಚ್ಚಿಕೊಂಡಿತು, ಎರಡು ನಿಮಿಷದಲ್ಲಿ ತಂಪು ಬಂತು. (ಇದನ್ನು ಮನೆಯಲ್ಲಿ ಮಾಡಲು ಹೋಗಬೇಡಿ. ತಿರುಗುವ ಬೆಲ್ಟು, ಯಾವಾಗ ಬೇಕಾದರೂ ಶುರುವಾಗುವ ಫ್ಯಾನು, ಎರಡಕ್ಕೂ ಬೆರಳಿನ ಮೇಲೆ ಕರುಣೆಯಿಲ್ಲ.)

ಪ್ಲೇಟಿಗೂ ಪುಲ್ಲಿಗೂ ನಡುವೆ ಒಂದು ಸಂದು ಇರುತ್ತದೆ. ಸಾಮಾನ್ಯವಾಗಿ 0.3ರಿಂದ 0.6 ಮಿಲಿಮೀಟರ್, ಅಂದರೆ ಒಂದೆರಡು ವಿಸಿಟಿಂಗ್ ಕಾರ್ಡಿನ ದಪ್ಪ. ವರ್ಷಗಟ್ಟಲೆ ಅಂಟಿ ಬಿಟ್ಟು ಅಂಟಿ ಬಿಟ್ಟು ಮೇಲ್ಮೈ ಸವೆದು ಸಂದು ಅಗಲವಾಗುತ್ತದೆ. ಸಂದು ಹೆಚ್ಚಿದಂತೆ ಆಯಸ್ಕಾಂತದ ಸೆಳೆತಕ್ಕೆ ಪ್ಲೇಟ್ ಎಟುಕುವುದಿಲ್ಲ. ಇನ್ನು ಬಿಸಿಯ ಪಾತ್ರ: ತಾಮ್ರ ಬಿಸಿಯಾದಂತೆ ಅದರ ವಿದ್ಯುತ್ ನಿರೋಧ ಏರುತ್ತದೆ. ಎಂಜಿನ್ ಕೋಣೆಯೊಳಗೆ ಕಾಯಿಲ್ 80 ಡಿಗ್ರಿಯಷ್ಟು ಹೆಚ್ಚು ಕಾದರೆ ಅದರೊಳಗೆ ಹರಿಯುವ ಕರೆಂಟು ಕಾಲು ಭಾಗದಷ್ಟು ಕುಸಿಯುತ್ತದೆ. ಬೆಳಿಗ್ಗೆ ಹೇಗೋ ಎಟುಕುತ್ತಿದ್ದ ಪ್ಲೇಟು ಮಧ್ಯಾಹ್ನ ಎಟುಕದಿರುವುದಕ್ಕೆ ಅಷ್ಟು ಸಾಕು. ನನ್ನ ಕಾರಿನಲ್ಲಿ ಫೀಲರ್ ಗೇಜ್ ತೂರಿಸಿ ನೋಡಿದಾಗ ಸಂದು 0.9 ಬಂತು. ಮೇಸ್ತ್ರಿ ನಡುವಿನ ಬೋಲ್ಟ್ ಬಿಚ್ಚಿ ಪ್ಲೇಟ್ ಹೊರತೆಗೆದರು. ಅದರ ಹಿಂದೆ ಉಗುರಿನಷ್ಟು ತೆಳ್ಳಗಿನ ಮೂರು ವಾಷರ್‌ಗಳಿದ್ದವು. ಎರಡನ್ನು ತೆಗೆದು, ತುಕ್ಕು ಉಜ್ಜಿ, ಪ್ಲೇಟನ್ನು ಮತ್ತೆ ಕೂರಿಸಿದರು. ಸಂದು 0.5ಕ್ಕೆ ಇಳಿಯಿತು. ಗ್ಯಾಸ್ ಬಿಚ್ಚುವ ಪ್ರಶ್ನೆಯೇ ಬರಲಿಲ್ಲ.

ಈ ಕಂಪ್ರೆಸರಿಗೆ ಯಾವ ರೋಗವೂ ಇರಲಿಲ್ಲ. ಅದಕ್ಕೆ 31 ಸಾವಿರದ ಅಂದಾಜು ಬರೆದವರು ಕಳ್ಳರೆಂದೇನೂ ನನಗನ್ನಿಸುವುದಿಲ್ಲ. ದೊಡ್ಡ ವರ್ಕ್‌ಶಾಪಿನ ವ್ಯವಸ್ಥೆಯೇ ಬಿಡಿಭಾಗ ಬದಲಿಸುವುದರ ಮೇಲೆ ನಿಂತಿದೆ. ವಾಷರ್ ತೆಗೆಯುವ ಕೆಲಸಕ್ಕೆ ಅವರ ಕಂಪ್ಯೂಟರಿನಲ್ಲಿ ಬಿಲ್ ಸಂಖ್ಯೆಯೇ ಇರಲಿಕ್ಕಿಲ್ಲ.

ಪ್ಲೇಟ್ ತಿರುಗದಿರುವುದಕ್ಕೆ ಸಂದು ಒಂದೇ ಕಾರಣವಲ್ಲ. ಕಾಯಿಲ್ ಸುಟ್ಟಿರಬಹುದು: ಮಲ್ಟಿಮೀಟರ್ ಇಟ್ಟರೆ ಸಾಮಾನ್ಯವಾಗಿ 3ರಿಂದ 5 ಓಮ್ ತೋರಿಸಬೇಕಾದದ್ದು ಏನನ್ನೂ ತೋರಿಸುವುದಿಲ್ಲ. ಬರೀ ಕಾಯಿಲ್ ಬಿಡಿಯಾಗಿ ಸಿಗುತ್ತದೆ, ಸಣ್ಣ ಕಾರಿಗೆ ಸಾವಿರದ ಆಸುಪಾಸು. ಫ್ಯೂಸ್ ಹೋಗಿರಬಹುದು, ಕಾಯಿಲ್‌ಗೆ ಕರೆಂಟು ಹಾಯಿಸುವ ರಿಲೇ ಎಂಬ ಪುಟ್ಟ ಸ್ವಿಚ್ಚು ಕೈಕೊಟ್ಟಿರಬಹುದು. ಎಷ್ಟೋ ಕಾರುಗಳಲ್ಲಿ ಹಾರ್ನಿನ ರಿಲೇ ಮತ್ತು ಎಸಿಯ ರಿಲೇ ಒಂದೇ ನಮೂನೆಯವು. ಮೇಲಿನ ನಂಬರು ಹೊಂದಿದರೆ ಎರಡನ್ನೂ ಅದಲು ಬದಲು ಮಾಡಿ ನೋಡುವುದು ಖರ್ಚಿಲ್ಲದ ಪರೀಕ್ಷೆ. ಎಸಿ ಬಂದು ಹಾರ್ನ್ ನಿಂತರೆ ಕಳ್ಳ ಸಿಕ್ಕಂತೆ.

ಇನ್ನೊಂದು ಕಾರಣ ತುಂಬ ಮಂದಿಯನ್ನು ಏಮಾರಿಸುತ್ತದೆ. ಗ್ಯಾಸ್ ಸೋರಿ ಒತ್ತಡ ಸುಮಾರು 2 ಬಾರ್‌ಗಿಂತ ಕೆಳಗಿಳಿದರೆ ಪ್ರೆಶರ್ ಸ್ವಿಚ್ ಕರೆಂಟನ್ನೇ ಕತ್ತರಿಸುತ್ತದೆ. ಅನಿಲದ ಜೊತೆಗೇ ಎಣ್ಣೆಯೂ ಸುತ್ತುವುದರಿಂದ, ಗ್ಯಾಸ್ ಇಲ್ಲದೆ ಓಡಿದರೆ ಎಣ್ಣೆ ಸಿಗದೆ ಕಂಪ್ರೆಸರ್ ಸಾಯುತ್ತದೆ ಎಂಬ ಮುನ್ನೆಚ್ಚರಿಕೆ ಅದು. ಹೊರಗಿನಿಂದ ನೋಡುವವರಿಗೆ ಕಾಣುವುದು ಮಾತ್ರ ಕದಲದ ಕಂಪ್ರೆಸರ್. ಅಲ್ಲಿ ರಿಪೇರಿಯಾಗಬೇಕಾದದ್ದು ಎಲ್ಲೋ ಒಂದು ಪೈಪಿನ ರಬ್ಬರ್ ಓ-ರಿಂಗ್ ಇರಬಹುದು, ಅದರ ಬೆಲೆ ಹತ್ತಿಪ್ಪತ್ತು ರೂಪಾಯಿ.

ಸದ್ದು ಬರುತ್ತಿದೆಯೇ? ಹಾಗಾದರೆ ಎಸಿ ಆರಿಸಿ ಕೇಳಿ. ಎಸಿ ಆರಿಸಿದ ಮೇಲೂ ಗರಗರ ಮುಂದುವರಿದರೆ ಅದು ಪುಲ್ಲಿಯೊಳಗಿನ ಬೇರಿಂಗ್, ಏಕೆಂದರೆ ಆಗ ಕಂಪ್ರೆಸರಿನಲ್ಲಿ ಪುಲ್ಲಿಯ ಜೊತೆ ತಿರುಗುತ್ತಿರುವುದು ಅದೊಂದೇ. 35 ಮಿ.ಮೀ. ಒಳವ್ಯಾಸ, 50 ಮಿ.ಮೀ. ಹೊರವ್ಯಾಸ, 20 ಮಿ.ಮೀ. ಅಗಲದ ಬೇರಿಂಗ್ ಹಲವು ಕಂಪ್ರೆಸರುಗಳಿಗೆ ಹೊಂದುತ್ತದೆ, ಬೇರಿಂಗ್ ಅಂಗಡಿಯಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಎಸಿ ಹಾಕಿದಾಗ ಮಾತ್ರ ಸದ್ದು ಬಂದರೆ ರೋಗ ಕಂಪ್ರೆಸರಿನ ಒಳಗಿದೆ. ಕಷಾಯದ ಕಾಲ ಮುಗಿಯಿತು.

ಪ್ಲೇಟ್ ತಿರುಗುತ್ತಿದೆ, ಸದ್ದಿಲ್ಲ, ತಂಪೂ ಇಲ್ಲ ಎಂದರೆ ಗೇಜ್ ಇಟ್ಟು ನೋಡಲೇಬೇಕು. ಹಾಗೆ ನೋಡದೆ ಕಂಪ್ರೆಸರ್ ಬದಲಿಸಿ ಎನ್ನುವ ಅಂಗಡಿಯಿಂದ ಎದ್ದು ಬರುವುದು ಒಳ್ಳೆಯದು. ನೀಲಿ ಗೇಜ್ ಹೀರುವ ಕಡೆಯ ಒತ್ತಡ, ಕೆಂಪು ಗೇಜ್ ತಳ್ಳುವ ಕಡೆಯ ಒತ್ತಡ. ಎಂಜಿನ್ ನಿಂತಿದ್ದು 30 ಡಿಗ್ರಿ ಬಿಸಿಲಿದ್ದರೆ ಎರಡೂ 95 ಪಿಎಸ್‌ಐ ಸುತ್ತಮುತ್ತ ಸಮವಾಗಿ ನಿಂತಿರುತ್ತವೆ. ಎಸಿ ಓಡತೊಡಗಿದ ಮೇಲೆ ಆರೋಗ್ಯವಂತ ಕಂಪ್ರೆಸರ್ ಅವನ್ನು ಬೇರೆಬೇರೆ ಎಳೆದುಬಿಡುತ್ತದೆ: ನೀಲಿ 25ರಿಂದ 40ಕ್ಕೆ ಇಳಿಯುತ್ತದೆ, ಕೆಂಪು 200ರ ಆಚೀಚೆ ಏರುತ್ತದೆ. ಓಡುತ್ತಿರುವಾಗಲೂ ನೀಲಿ 80, ಕೆಂಪು 110 ಎಂದು ಅಕ್ಕಪಕ್ಕದಲ್ಲೇ ಕುಳಿತಿದ್ದರೆ ಕಂಪ್ರೆಸರ್ ಒತ್ತುತ್ತಿಲ್ಲ ಎಂದರ್ಥ. ಒಳಗಿನ ರೀಡ್ ವಾಲ್ವ್ ಎಂಬ ತೆಳು ಉಕ್ಕಿನ ನಾಲಿಗೆ ಮುರಿದಿರಬಹುದು, ಪಿಸ್ಟನ್ನಿನ ಸೀಲು ಸವೆದಿರಬಹುದು. ಎರಡೂ ಮುಳ್ಳುಗಳು ತಗ್ಗಿನಲ್ಲಿದ್ದರೆ ಗ್ಯಾಸ್ ಕಡಿಮೆ. ಎರಡೂ ವಿಪರೀತ ಮೇಲಿದ್ದರೆ ಕಂಡೆನ್ಸರಿಗೆ ಗಾಳಿ ಸಾಲುತ್ತಿಲ್ಲ, ಮುಂದಿನ ಫ್ಯಾನ್ ನಿಂತಿದೆಯೋ ನೋಡಬೇಕು, ಇಲ್ಲವೇ ಯಾರೋ ಗ್ಯಾಸನ್ನು ಅತಿಯಾಗಿ ತುಂಬಿದ್ದಾರೆ. ವೈದ್ಯರು ನಾಡಿ ಹಿಡಿದಂತೆ ಇದು. ಹತ್ತು ನಿಮಿಷದ ಕೆಲಸ, ಹೆಚ್ಚೆಂದರೆ ಮುನ್ನೂರು ರೂಪಾಯಿ ಕೇಳುತ್ತಾರೆ.

ಸರಿ, ಕಂಪ್ರೆಸರ್ ನಿಜವಾಗಿಯೂ ಹೋಗಿದೆ ಎಂದೇ ಇಟ್ಟುಕೊಳ್ಳಿ. ಇಲ್ಲಿಯೂ ಸಾವಿನಲ್ಲಿ ಎರಡು ಬಗೆ. ತಿರುಗುವ ದಂಡದ ಸುತ್ತ ಗ್ಯಾಸ್ ತಡೆಯುವ ಶಾಫ್ಟ್ ಸೀಲ್ ಸೋರುವುದು, ವಾಲ್ವ್ ಸಡಿಲವಾಗುವುದು ಸ್ವಚ್ಛ ಸಾವು: ಉಳಿದ ಪೈಪುಗಳಿಗೆ ಮೈಲಿಗೆ ತಟ್ಟುವುದಿಲ್ಲ. ಎರಡನೆಯದು, ಪಿಸ್ಟನ್ ಸಿಲಿಂಡರಿಗೆ ಉಜ್ಜಿ, ಅಲ್ಯೂಮಿನಿಯಂ ಪುಡಿಪುಡಿಯಾಗಿ, ಕರಿ ಎಣ್ಣೆಯೊಂದಿಗೆ ಇಡೀ ವ್ಯವಸ್ಥೆಗೆ ಹರಡಿಕೊಂಡು ಸಾಯುವುದು. ಪೈಪ್ ಬಿಚ್ಚಿ ಒಳಗೆ ಬಿಳಿ ಬಟ್ಟೆ ಒರೆಸಿದರೆ ಗೊತ್ತಾಗುತ್ತದೆ. ತಿಳಿ ಎಣ್ಣೆ ಬಂದರೆ ಬದುಕಿದಿರಿ. ಬೂದುಬಣ್ಣದ ಮಸಿಯಲ್ಲಿ ಮಿಂಚುವ ಕಣಗಳು ಕಂಡರೆ ಖರ್ಚು ಕಂಪ್ರೆಸರಿಗೆ ನಿಲ್ಲುವುದಿಲ್ಲ.

ಪಕ್ಕದ ಮನೆಯವರು ಎಡವಿದ್ದು ಇಲ್ಲಿ. ಅವರದು ಡೀಸೆಲ್ ಸೆಡಾನ್. ಕರಕರ ಸದ್ದು ಮಾಡಿ ಕಂಪ್ರೆಸರ್ ಕಚ್ಚಿಕೊಂಡಿತು. ಗುಜರಿಯಿಂದ 4,500 ರೂಪಾಯಿಗೆ ಒಂದು ಹಳೆಯದನ್ನು ತರಿಸಿ, ಅದನ್ನೇ ಸಿಕ್ಕಿಸಿ, ಗ್ಯಾಸ್ ತುಂಬಿಸಿದರು. ಒಂದು ದಿನ ಪೂರ್ತಿ ನಮಗೆಲ್ಲ ಕಾರಿನ ಬಾಗಿಲು ತೆರೆದು ತಂಪು ತೋರಿಸಿದ್ದೂ ಆಯಿತು. ಇಪ್ಪತ್ತೆರಡನೆಯ ದಿನ ಅದೇ ಕರಕರ. ಸತ್ತ ಕಂಪ್ರೆಸರ್ ಬಿಟ್ಟುಹೋಗಿದ್ದ ಲೋಹದ ಪುಡಿ ಕಂಡೆನ್ಸರಿನಲ್ಲಿ ಕೂತಿತ್ತು, ಸುತ್ತಿ ಬಂದು ಹೊಸಬನನ್ನೂ ತಿಂದಿತು. ಈಗಿನ ಕಂಡೆನ್ಸರುಗಳ ಚಪ್ಪಟೆ ಕೊಳವೆಗಳೊಳಗೆ ಒಂದು ಮಿಲಿಮೀಟರ್ ಆಸುಪಾಸಿನ ಕಿರುಗಾಲುವೆಗಳು ಹತ್ತಾರು ಇರುತ್ತವೆ. ಎಷ್ಟು ತೊಳೆದರೂ ದ್ರಾವಣ ತೆರೆದಿರುವ ಕಾಲುವೆಗಳಲ್ಲಿ ಹರಿದುಹೋಗುತ್ತದೆ, ಮುಚ್ಚಿಕೊಂಡ ಕಾಲುವೆಯ ಕಸ ಹಾಗೆಯೇ ಉಳಿಯುತ್ತದೆ. ಆದ್ದರಿಂದ ಕರಿ ಎಣ್ಣೆ ಕಂಡ ಮೇಲೆ ಕಂಡೆನ್ಸರ್, ಡ್ರೈಯರ್, ಎಕ್ಸ್‌ಪ್ಯಾನ್ಶನ್ ವಾಲ್ವ್ ಮೂರನ್ನೂ ಬದಲಿಸಿ, ಪೈಪುಗಳನ್ನೂ ಕೂಲಿಂಗ್ ಕಾಯಿಲನ್ನೂ ದ್ರಾವಣದಿಂದ ತೊಳೆದು ನೈಟ್ರೋಜನ್ ಊದಿಸುವುದೇ ಕಡಿಮೆ ಖರ್ಚಿನ ದಾರಿ. ಆ ಕ್ಷಣಕ್ಕೆ ಹಾಗೆ ಕಾಣಿಸುವುದಿಲ್ಲ, ನಿಜ.

ಕಂಪ್ರೆಸರನ್ನೇ ಬದಲಿಸಬೇಕಾದವರ ಮುಂದೆ ನಾಲ್ಕು ದಾರಿಗಳಿವೆ. ನನ್ನ ಕಾರಿಗೆಂದು ಆಗ ವಿಚಾರಿಸಿದಾಗ ಕಾರು ಕಂಪನಿಯ ಡಬ್ಬಿಯಲ್ಲಿ ಬರುವ ಹೊಸದಕ್ಕೆ ಇಪ್ಪತ್ತೊಂದು ಸಾವಿರ ಚಿಲ್ಲರೆ ಹೇಳಿದ್ದರು. ಕಾರು ಕಂಪನಿಗಳು ಕಂಪ್ರೆಸರನ್ನು ಸಾಮಾನ್ಯವಾಗಿ ತಾವೇ ತಯಾರಿಸುವುದಿಲ್ಲ. ಡೆನ್ಸೊ, ಸ್ಯಾಂಡೆನ್, ಸುಬ್ರೋಸ್, ಹ್ಯಾನನ್, ವಲೇವೊದಂಥ ತಯಾರಕರಿಂದ ಕೊಳ್ಳುತ್ತವೆ. ಅದೇ ತಯಾರಕರ ಮಾಲು ಅವರದೇ ಡಬ್ಬಿಯಲ್ಲಿ ಬಿಡಿಭಾಗದ ಅಂಗಡಿಗೂ ಬರುತ್ತದೆ, ಬೆಲೆ ಹದಿಮೂರು ಸಾವಿರ. ನನ್ನನ್ನು ಕೇಳಿದರೆ ಹತ್ತು ವರ್ಷ ದಾಟಿದ ಕಾರಿಗೆ ಹೊಸದೇ ಬೇಕೆಂದರೆ ಇದನ್ನೇ ತೆಗೆದುಕೊಳ್ಳಿ. ತಯಾರಕರ ಹೆಸರು ನಿಮ್ಮ ಹಳೆಯ ಕಂಪ್ರೆಸರಿನ ಮೈಮೇಲಿನ ಚೀಟಿಯಲ್ಲೇ ಇರುತ್ತದೆ, ಒಂದು ಫೋಟೊ ತೆಗೆದುಕೊಂಡು ಹೋದರೆ ಸಾಕು.

ಮೂರನೆಯದು ರೀಕಂಡಿಶನ್ ಮಾಡಿದ್ದು. ಆರು ಸಾವಿರ, ಆರು ತಿಂಗಳ ಗ್ಯಾರಂಟಿ ಎಂದರು. ಇದು ಚೆನ್ನಾಗಿಯೂ ಇರಬಹುದು, ಬರೀ ಬಣ್ಣ ಬಳಿದ ಗುಜರಿಯೂ ಇರಬಹುದು. ವ್ಯತ್ಯಾಸ ತಿಳಿಯಲು ಏನೇನು ಬದಲಿಸಿದ್ದೀರಿ ಎಂದು ಕೇಳಿ. ಶಾಫ್ಟ್ ಸೀಲ್, ಗ್ಯಾಸ್ಕೆಟ್, ಓ-ರಿಂಗುಗಳು, ಬೇರಿಂಗ್, ವಾಲ್ವ್ ಪ್ಲೇಟ್ ಎಂದು ಒಂದೊಂದಾಗಿ ಹೇಳುವವರನ್ನು ನಂಬಬಹುದು. "ಎಲ್ಲಾ ಹೊಸದೇ ಸರ್" ಎನ್ನುವವರನ್ನು ನಂಬಲು ನನಗೆ ಧೈರ್ಯವಿಲ್ಲ. ನಿಮ್ಮದೇ ಕಂಪ್ರೆಸರನ್ನು ಕೊಟ್ಟು, ಅದನ್ನೇ ತೆರೆದು ಸೀಲ್ ಬದಲಿಸಿ ಕೊಡಿ ಎನ್ನುವುದು ಇನ್ನೂ ಒಳ್ಳೆಯದು, ಸ್ವಚ್ಛ ಸಾವಾಗಿದ್ದರೆ ಮಾತ್ರ. ಸುರುಳಿಯಾಕಾರದ ಸ್ಕ್ರಾಲ್ ಕಂಪ್ರೆಸರಿನಲ್ಲಿ ಸುರುಳಿಗೇ ಗೀರು ಬಿದ್ದಿದ್ದರೆ ಈ ಆಸೆ ಬಿಡಬೇಕು.

ನಾಲ್ಕನೆಯದು ಗುಜರಿ. ಅಪಘಾತದಲ್ಲಿ ಜಜ್ಜಿಹೋದ ಕಾರಿನಿಂದ ಬಿಚ್ಚಿದ ಕಂಪ್ರೆಸರ್ ಎಷ್ಟೋ ಸಲ ನಿಮ್ಮದಕ್ಕಿಂತ ಕಡಿಮೆ ಓಡಿರುತ್ತದೆ, ಮೂರೂವರೆ ಸಾವಿರಕ್ಕೆ ಸಿಗುತ್ತದೆ. ಬೆಂಗಳೂರಿನಲ್ಲಿ ಶಿವಾಜಿನಗರದ ಹಳೆ ಬಿಡಿಭಾಗಗಳ ಅಂಗಡಿಗಳಲ್ಲಿ ಕೈ ಕಪ್ಪು ಮಾಡಿಕೊಂಡು ಹುಡುಕುವ ತಾಳ್ಮೆಯಿದ್ದರೆ ಲಾಭವಿದೆ. ಕೊಳ್ಳುವಾಗ ಮುಂದಿನ ಪ್ಲೇಟನ್ನು ಕೈಯಿಂದ ತಿರುಗಿಸಿ. ಬೆಣ್ಣೆಯೊಳಗೆ ತಿರುಗಿದಂತೆ ಸಮನಾದ ಬಿಗಿ ಇರಬೇಕು. ಎಲ್ಲಾದರೂ ತಡವರಿಸಿದರೆ ಬೇಡ, ಗಾಳಿಪಟದ ಚಕ್ರದಂತೆ ಸಲೀಸಾಗಿ ಸುತ್ತಿದರೂ ಬೇಡ. ಹೆಬ್ಬೆರಳಿನಿಂದ ತಳ್ಳುವ ರಂಧ್ರ ಮುಚ್ಚಿ ಮೂರ್ನಾಲ್ಕು ಸುತ್ತು ತಿರುಗಿಸಿದರೆ ಬೆರಳಿಗೆ ಒತ್ತಡ ಗೊತ್ತಾಗಬೇಕು. ತಲೆಕೆಳಗು ಮಾಡಿ ಒಂದೆರಡು ಹನಿ ಎಣ್ಣೆಯನ್ನು ಬಿಳಿ ಕಾಗದದ ಮೇಲೆ ಬೀಳಿಸಿ ನೋಡಿ. ರಂಧ್ರಗಳಿಗೆ ಬಿರಡೆ ಹಾಕದೆ ಮಳೆ ಗಾಳಿಗೆ ಬಿಟ್ಟದ್ದಾಗಿದ್ದರೆ ಬೆಲೆ ಎಷ್ಟೇ ಇಳಿಸಿದರೂ ಕೊಳ್ಳಬೇಡಿ, ಏಕೆಂದರೆ ಒಳಗಿನ ಎಣ್ಣೆ ಗಾಳಿಯ ತೇವವನ್ನು ಉಪ್ಪಿನಂತೆ ಹೀರಿಕೊಳ್ಳುತ್ತದೆ. ಪುಲ್ಲಿಯ ಗೆರೆಗಳನ್ನು ಎಣಿಸಿ, ಬೋಲ್ಟಿನ ಕಿವಿಗಳನ್ನು ಹೋಲಿಸಿ. ಒಂದೇ ಮಾದರಿಯ ಕಾರಿನ ಪೆಟ್ರೋಲ್ ಮತ್ತು ಡೀಸೆಲ್ ಕಂಪ್ರೆಸರುಗಳು ಅಣ್ಣತಮ್ಮಂದಿರಂತೆ ಕಂಡರೂ ಒಂದರ ಜಾಗಕ್ಕೆ ಇನ್ನೊಂದು ಕೂರಬೇಕೆಂದಿಲ್ಲ.

ಯಾವ ದಾರಿ ಹಿಡಿದರೂ ಎಣ್ಣೆಯ ವಿಷಯದಲ್ಲಿ ಉದಾಸೀನ ಸಲ್ಲದು. ಆರ್-134ಎ ಜೊತೆಗೆ ಬಳಸುವುದು ಪಿಎಜಿ ಎಂಬ ಕೃತಕ ಎಣ್ಣೆ, ಅದರಲ್ಲೂ 46, 100, 150 ಎಂದು ದಪ್ಪದ ಲೆಕ್ಕವಿದೆ. ಯಾವುದು ಎಂದು ಕಂಪ್ರೆಸರಿನ ಚೀಟಿಯಲ್ಲಿ ಬರೆದಿರುತ್ತದೆ. ಹೊಸ ಕಂಪ್ರೆಸರಿನೊಳಗೆ ಸಾಮಾನ್ಯವಾಗಿ ಇಡೀ ವ್ಯವಸ್ಥೆಗೆ ಬೇಕಾಗುವಷ್ಟು ಎಣ್ಣೆ ತುಂಬಿಯೇ ಬಂದಿರುತ್ತದೆ. ಕಂಪ್ರೆಸರೊಂದನ್ನೇ ಬದಲಿಸುತ್ತಿದ್ದರೆ ಹಳೆಯದನ್ನು ಬೋರಲು ಹಾಕಿ, ಸುರಿದ ಎಣ್ಣೆಯನ್ನು ಅಳತೆಯ ಲೋಟದಲ್ಲಿ ಹಿಡಿದು, ಹೊಸದರಲ್ಲೂ ಅಷ್ಟೇ ಉಳಿಸಬೇಕು. ಹೆಚ್ಚಾದ ಎಣ್ಣೆ ಕೂಲಿಂಗ್ ಕಾಯಿಲ್‌ನೊಳಗೆ ನಿಂತು ತಂಪು ಕಡಿಮೆಯಾಗುತ್ತದೆ. ಕಡಿಮೆಯಾದರೆ ಪಕ್ಕದ ಮನೆಯದರಂತೆ ಕಂಪ್ರೆಸರ್ ಕಚ್ಚಿಕೊಳ್ಳುತ್ತದೆ. ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರಿನವರು ಈ ಲೇಖನವನ್ನು ಹಿಡಿದುಕೊಂಡು ಗಲ್ಲಿಗೆ ಹೋಗಬೇಡಿ. ಅವುಗಳ ಕಂಪ್ರೆಸರ್ ಓಡುವುದು ಕಿತ್ತಳೆ ಬಣ್ಣದ ಕೇಬಲಿನ ಹೈ ವೋಲ್ಟೇಜಿನಿಂದ. ಅಲ್ಲಿ ಪಿಎಜಿ ಬೆರೆತರೆ ವಿದ್ಯುತ್ ನಿರೋಧಕ ಕವಚವೇ ಕೈಕೊಡುತ್ತದೆ. ಹಾಗೆಯೇ ಹೊಸ ಕಾರುಗಳ ಕೆಲವು ಕಂಪ್ರೆಸರುಗಳಲ್ಲಿ ಕ್ಲಚ್ಚೇ ಇರುವುದಿಲ್ಲ. ಒಳಗಿನ ತಟ್ಟೆಯ ವಾಲಿಕೆ ಬದಲಿಸಿ ಒತ್ತುವ ಪ್ರಮಾಣ ಹೆಚ್ಚು ಕಡಿಮೆ ಮಾಡುವ ಜಾತಿ ಅದು. ಅಲ್ಲಿ ಕೆಟ್ಟದ್ದು ಎಷ್ಟೋ ಸಲ ಹಿಂದಿನ ಕಂಟ್ರೋಲ್ ವಾಲ್ವ್ ಒಂದೇ ಆಗಿರುತ್ತದೆ, ಅದೂ ಬಿಡಿಯಾಗಿ ಸಿಗುತ್ತದೆ.

ವ್ಯವಸ್ಥೆಯನ್ನು ಒಮ್ಮೆ ಬಿಚ್ಚಿದ ಮೇಲೆ ಡ್ರೈಯರ್ ಬದಲಿಸಲೇಬೇಕು, ಕಡಿಮೆಯೆಂದರೂ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಲೇಬೇಕು. ಒಳಗೆ ಉಳಿದ ತೇವವನ್ನು ಬಟ್ಟೆಯಿಂದ ಒರೆಸಲಾಗುವುದಿಲ್ಲ. ಒತ್ತಡವನ್ನು ಸಾಮಾನ್ಯ ವಾಯುಭಾರದ ಮೂವತ್ತರಲ್ಲಿ ಒಂದು ಭಾಗಕ್ಕೆ ಇಳಿಸಿದರೆ ನೀರು 25 ಡಿಗ್ರಿಯ ಆಸುಪಾಸಿನಲ್ಲೇ ಕುದಿದು ಆವಿಯಾಗುತ್ತದೆ, ಪಂಪ್ ಅದನ್ನು ಎಳೆದು ಹಾಕುತ್ತದೆ. ಇಲ್ಲಿ ಬೆಂಗಳೂರಿನವರು ತಿಳಿದಿರಬೇಕಾದ ಒಂದು ತಮಾಷೆಯಿದೆ. ಮಂಗಳೂರಿನಲ್ಲಿ ಪೂರ್ತಿ ವ್ಯಾಕ್ಯೂಮ್ ಎಳೆದಾಗ ಗೇಜ್ ಪಾದರಸದ ಅಳತೆಯಲ್ಲಿ 29.9 ಇಂಚಿನವರೆಗೆ ಇಳಿಯುತ್ತದೆ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ಗಾಳಿಯೇ ಅಷ್ಟು ತೆಳು, ಗೇಜ್ 27ರ ಹತ್ತಿರ ನಿಂತುಬಿಡುತ್ತದೆ. ಪುಸ್ತಕದಲ್ಲಿ ಓದಿ ಬಂದು "ಇನ್ನೂ ಮೂರು ಇಂಚು ಬಾಕಿ ಇದೆಯಲ್ಲ" ಎಂದು ಮೇಸ್ತ್ರಿಯ ಜೊತೆ ಜಗಳಕ್ಕೆ ನಿಂತವನು ನಾನೇ. ಪಂಪ್ ನಿಲ್ಲಿಸಿ ಹತ್ತು ನಿಮಿಷವಾದರೂ ಮುಳ್ಳು ಕದಲದೆ ನಿಂತರೆ ಸೋರಿಕೆಯಿಲ್ಲ ಎಂದು ಗ್ಯಾಸ್ ತುಂಬಬಹುದು. ಎಷ್ಟು ಗ್ರಾಂ ಎಂದು ಬಾನೆಟ್ ಕೆಳಗಿನ ಚೀಟಿಯಲ್ಲಿದೆ, ಸಣ್ಣ ಕಾರಿಗೆ 350ರಿಂದ 500. ಅದನ್ನು ತಕ್ಕಡಿಯಲ್ಲಿ ತೂಗಿಯೇ ತುಂಬಬೇಕು, ಪೈಪ್ ಮುಟ್ಟಿ ತಣ್ಣಗಾಯಿತು ಎಂದು ನಿಲ್ಲಿಸುವುದಲ್ಲ.

ಹಳೆಯ ಗ್ಯಾಸನ್ನು "ಸುಯ್" ಎಂದು ಗಾಳಿಗೆ ಬಿಡುವುದು ನಮ್ಮಲ್ಲಿ ಮಾಮೂಲು. ಆರ್-134ಎ ಒಂದು ಕಿಲೋ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ 1,430 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟಷ್ಟು ಭೂಮಿ ಕಾಯುತ್ತದೆ. ಸಣ್ಣ ಕಾರಿನ 400 ಗ್ರಾಂ ಎಂದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಂತೆ. ಗ್ಯಾಸನ್ನು ಹೀರಿ, ಶೋಧಿಸಿ ಮತ್ತೆ ಅದನ್ನೇ ತುಂಬುವ ಯಂತ್ರವಿರುವ ಅಂಗಡಿಗಳಿವೆ. ಅಂಥಲ್ಲಿ ಹೊಸ ಗ್ಯಾಸಿನ ದುಡ್ಡೂ ಸ್ವಲ್ಪ ಉಳಿಯುತ್ತದೆ. ಭೂಮಿ ಕಾಯಿಸುವ ಇಂಥ ಅನಿಲಗಳನ್ನು ಇಳಿಸಲು ದೇಶಗಳು ಮಾಡಿಕೊಂಡ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಅನುಮೋದನೆ ಕೊಟ್ಟಿದೆ. 2032ರಿಂದ ಈ ಜಾತಿಯ ಅನಿಲಗಳ ಬಳಕೆ ಹಂತಹಂತವಾಗಿ ಇಳಿಯಬೇಕು. ಅಲ್ಲಿಯವರೆಗೂ ಹಳೆ ಕಾರು ಇಟ್ಟುಕೊಳ್ಳುವವರಿಗೆ ಗ್ಯಾಸಿನ ಬೆಲೆ ಏರುವ ಸಂಭವವೂ ಇದೆ.

ಸದ್ಯಕ್ಕೆ ಯಾವ ಖರ್ಚಿಗೂ ಕೈಯಲ್ಲಿ ದುಡ್ಡಿಲ್ಲ ಎನ್ನುವವರಿಗೆ: ಕಂಪ್ರೆಸರ್ ಒಳಗೆ ಕಚ್ಚಿಕೊಂಡಿದ್ದರೂ ಕ್ಲಚ್ಚಿನ ಬೇರಿಂಗ್ ಚೆನ್ನಾಗಿದ್ದರೆ ಕಾಯಿಲ್‌ನ ವಯರಿನ ಕೊಂಡಿ ಬಿಚ್ಚಿಬಿಡಿ. ಪುಲ್ಲಿ ತನ್ನ ಪಾಡಿಗೆ ತಿರುಗುತ್ತಿರುತ್ತದೆ, ಕಾರು ಓಡುತ್ತದೆ, ದೀಪಾವಳಿಯ ಬೋನಸ್‌ವರೆಗೆ ಕಿಟಕಿ ಇಳಿಸಿಕೊಂಡು ಹೋಗಬಹುದು. ಬೇರಿಂಗೇ ಹೋಗುತ್ತಿದ್ದರೆ ಮಾತ್ರ ತಡ ಮಾಡಬೇಡಿ. ಬಹಳಷ್ಟು ಕಾರುಗಳಲ್ಲಿ ಆಲ್ಟರ್ನೇಟರನ್ನು, ಕೆಲವದರಲ್ಲಿ ನೀರಿನ ಪಂಪನ್ನೂ ತಿರುಗಿಸುವುದು ಅದೇ ಬೆಲ್ಟ್. ಬೇರಿಂಗ್ ಕಚ್ಚಿಕೊಂಡು ಆ ಬೆಲ್ಟ್ ತುಂಡಾದರೆ ಎಸಿಯ ಮಾತು ಹಾಗಿರಲಿ, ಕಾರೇ ನಡುರಸ್ತೆಯಲ್ಲಿ ನಿಲ್ಲುತ್ತದೆ.

ನನ್ನ ಮೇಸ್ತ್ರಿ 700 ರೂಪಾಯಿ ಎಣಿಸಿಕೊಂಡು, ಚಳಿಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎಸಿ ಹಾಕಿ ಎಂದರು. ತಿಂಗಳುಗಟ್ಟಲೆ ನಿಂತರೆ ಶಾಫ್ಟ್ ಸೀಲಿಗೆ ಎಣ್ಣೆ ತಲುಪದೆ ಒಣಗಿ ಸೋರತೊಡಗುತ್ತದಂತೆ. ಬಾನೆಟ್ ಮುಚ್ಚುವ ಮೊದಲು ಜೇಬಿನಿಂದ ಬಿಳಿ ಮಾರ್ಕರ್ ತೆಗೆದು ಕಂಪ್ರೆಸರಿನ ಬ್ರಾಕೆಟ್ ಮೇಲೆ "0.5, ಒಂದು ವಾಷರ್ ಇದೆ" ಎಂದು ಬರೆದು, ಕೆಳಗೆ ತಾರೀಕು ಹಾಕಿದರು. ಮುಂದಿನ ಸಲ ನಾನಿರದಿದ್ದರೂ ತೆರೆದವನಿಗೆ ಗೊತ್ತಾಗಲಿ ಎಂದರು.